ಗಾರ್ಡ್‌ಡ್ಯೂಟಿಗೆ ಖಾತೆ ಜೋಡಿಸುವಾಗ: ಆಹ್ವಾನದ ದಾರಿಯೋ, ಆರ್ಗನೈಸೇಶನ್ಸ್ ದಾರಿಯೋ?

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರದಿಂದ ಹೊಸದುರ್ಗದವರೆಗೆ, ಎಡಬ್ಲ್ಯುಎಸ್ (ಅಮೆಜಾನಿನ ಕ್ಲೌಡ್ ಸೇವೆ) ಕೆಲಸ ಮಾಡುವವರಲ್ಲಿ ಹೆಚ್ಚಿನವರಿಗೆ ದೊಡ್ಡ ಸೆಕ್ಯುರಿಟಿ ತಂಡ ಎಂಬುದಿಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೆಲವು ವರ್ಷ ದುಡಿದು ಊರಿಗೆ ಬಂದವರು, ಪೊವ್ವಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು ಇಲ್ಲೇ ಉಳಿದವರು, ಹೀಗೆ ಒಬ್ಬಿಬ್ಬರು ಸೇರಿ ನಡೆಸುವ ಅಂಗಡಿಗಳು. ಬದಿಯಡ್ಕದ ಅಡಿಕೆ ವ್ಯಾಪಾರಿಯ ಸ್ಟಾಕ್ ಲೆಕ್ಕ, ಉಪ್ಪಳದ ಕ್ಲಿನಿಕ್ಕಿನ ಟೋಕನ್, ನೀರ್ಚಾಲು ಕಡೆಯ ಶಾಲೆಯ ಫೀಸು, ಬೇಕಲದ ಹೋಂಸ್ಟೇಯ ಬುಕಿಂಗ್, ಎಲ್ಲದಕ್ಕೂ ಬೇರೆ ಬೇರೆ ಎಡಬ್ಲ್ಯುಎಸ್ ಖಾತೆ. ನೋಡಿಕೊಳ್ಳುವವರು ಮಾತ್ರ ಅದೇ ಇಬ್ಬರು. ಒಂದೊಂದು ಖಾತೆಗೂ ಲಾಗಿನ್ ಆಗಿ ಎಚ್ಚರಿಕೆ ನೋಡುತ್ತಾ ಕೂರುವುದು ಆಗುವ ಹೋಗುವ ಮಾತಲ್ಲ. ಹಾಗಾಗಿ ಎಲ್ಲ ಖಾತೆಗಳ ಗಾರ್ಡ್‌ಡ್ಯೂಟಿಯನ್ನು, ಅಂದರೆ ಖಾತೆಯಲ್ಲಿ ಅನುಮಾನದ ಚಟುವಟಿಕೆ ಕಂಡರೆ ಎಚ್ಚರಿಸುವ ಎಡಬ್ಲ್ಯುಎಸ್ ಸೇವೆಯನ್ನು, ಒಂದು ಅಡ್ಮಿನ್ ಖಾತೆಗೆ ಜೋಡಿಸುವ ಯೋಚನೆ ಎಲ್ಲರಿಗೂ ಬರುತ್ತದೆ.

ಜೋಡಿಸಲು ಎರಡು ದಾರಿ ಉಂಟು. ಒಂದು, ಖಾತೆ ಖಾತೆಗೂ ಆಹ್ವಾನ ಕಳಿಸಿ ಅವರು ಒಪ್ಪುವುದು. ಇನ್ನೊಂದು, ಎಲ್ಲ ಖಾತೆಗಳನ್ನೂ ಎಡಬ್ಲ್ಯುಎಸ್ ಆರ್ಗನೈಸೇಶನ್ಸ್ ಎಂಬ ವ್ಯವಸ್ಥೆಯೊಳಗೆ ತಂದು, ಅಲ್ಲಿ ಒಂದು ಖಾತೆಗೆ ಅಧಿಕಾರ ವಹಿಸಿಕೊಡುವುದು. ಕಂಪನಿಯ ಕೈಪಿಡಿ ಎರಡನೆಯದನ್ನೇ ಮಾಡಿ ಎನ್ನುತ್ತದೆ. ಆ ಕೈಪಿಡಿ ಬರೆದವರ ಕಣ್ಣೆದುರು ಇರುವುದು ಒಬ್ಬನೇ ಯಜಮಾನನ ನೂರು ಖಾತೆ. ನಮ್ಮೆದುರು ಇರುವುದು ಹತ್ತು ಯಜಮಾನರ ಹತ್ತು ಖಾತೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಖಾತೆ ನಿಮ್ಮದಾದರೆ ಆರ್ಗನೈಸೇಶನ್ಸ್, ಖಾತೆ ಗಿರಾಕಿಯದಾದರೆ ಆಹ್ವಾನ. ಯಾಕೆಂದು ಕಮಾಂಡುಗಳ ಸಮೇತ ನೋಡುವ.

ಬರೆಯುವ ಅನುಕೂಲಕ್ಕೆ ಕಮಾಂಡುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕೊಟ್ಟಿದ್ದೇನೆ. ಬೇರೆ ಸರ್ವಿಸಿನ ಹೆಸರು ಹೇಳದ ಕಡೆಯಲ್ಲೆಲ್ಲ ಕಮಾಂಡು ‘ಎಡಬ್ಲ್ಯುಎಸ್ ಗಾರ್ಡ್‌ಡ್ಯೂಟಿ’ ಎಂದೇ ಶುರುವಾಗುತ್ತದೆ. ಟೈಪ್ ಮಾಡುವಾಗ ಎಲ್ಲ ಸಣ್ಣಕ್ಷರ.

ಎರಡೂ ದಾರಿಗೆ ಸಮಾನವಾದ ತಲೆನೋವು

ಗಾರ್ಡ್‌ಡ್ಯೂಟಿ 2017ರ ನವೆಂಬರಿನಲ್ಲಿ ಬಂದ ಸೇವೆ. ಕ್ಲೌಡ್‌ಟ್ರೇಲ್ ದಾಖಲೆ (ಖಾತೆಯಲ್ಲಿ ಯಾರು ಏನು ಮಾಡಿದರು ಎಂಬುದು), ವಿಪಿಸಿಯ (ಖಾತೆಯ ಖಾಸಗಿ ನೆಟ್‌ವರ್ಕಿನ) ಸಂಚಾರ, ಡಿಎನ್‌ಎಸ್ ವಿಚಾರಣೆಗಳು (ಯಾವ ವೆಬ್ ವಿಳಾಸ ಹುಡುಕಿದರು ಎಂಬುದು), ಇವನ್ನು ತಾನೇ ಒಳಗಿಂದ ಓದಿ ಅನುಮಾನ ಬಂದದ್ದನ್ನು ‘ಫೈಂಡಿಂಗ್’ ಎಂದು ಎದುರಿಡುತ್ತದೆ. ನೀವು ಆ ಲಾಗುಗಳನ್ನು ಬೇರೆಯಾಗಿ ಆನ್ ಮಾಡಬೇಕೆಂದಿಲ್ಲ. ಅಷ್ಟು ಸುಲಭ. ಆದರೆ ಇದು ಪೂರ್ತಿ ರೀಜನ್‌ಗೆ (ಎಡಬ್ಲ್ಯುಎಸ್ ಡೇಟಾ ಸೆಂಟರುಗಳಿರುವ ಒಂದೊಂದು ಪ್ರದೇಶಕ್ಕೆ) ಕಟ್ಟುಬಿದ್ದ ಸೇವೆ. ಮುಂಬೈ ರೀಜನ್ನಿನಲ್ಲಿ ಆನ್ ಮಾಡಿದರೆ ಸಿಂಗಾಪುರದಲ್ಲಿ ಏನಾಗುತ್ತಿದೆ ಎಂದು ಅದಕ್ಕೆ ಗೊತ್ತಿಲ್ಲ. ಪ್ರತಿ ಖಾತೆಯ ಪ್ರತಿ ರೀಜನ್ನಿನಲ್ಲೂ ಒಂದು ‘ಡಿಟೆಕ್ಟರ್’, ಅದಕ್ಕೊಂದು ಉದ್ದದ ಐಡಿ. ಜೋಡಣೆಯೂ ರೀಜನ್ ರೀಜನ್‌ಗೆ ಬೇರೆ.

ನಾವು ಬಳಸುವುದು ಮುಂಬೈ ಮಾತ್ರ, ಬೇರೆ ರೀಜನ್ ಯಾಕೆ ಎಂದು ಕೇಳುವವರು ಎರಡು ವಿಷಯ ನೆನಪಿಡಬೇಕು. ಮುಂಬೈ ರೀಜನ್ ಬಂದದ್ದೇ 2016ರ ಜೂನಿನಲ್ಲಿ. ಅದಕ್ಕೂ ಮೊದಲು ತೆರೆದ ಖಾತೆಗಳಲ್ಲಿ ಸಿಂಗಾಪುರದಲ್ಲೋ ವರ್ಜೀನಿಯಾದಲ್ಲೋ ಹಳೆಯ ಸರ್ವರು, ಹಳೆಯ ಬ್ಯಾಕಪ್ ಬಿದ್ದುಕೊಂಡಿರುತ್ತವೆ. ಎರಡನೆಯದು ಇನ್ನೂ ಮುಖ್ಯ: ಆಕ್ಸೆಸ್ ಕೀ (ಪಾಸ್‌ವರ್ಡಿನ ಹಾಗೆ ಖಾತೆಗೆ ಪ್ರವೇಶ ಕೊಡುವ ಗುಟ್ಟಿನ ಸಂಕೇತ) ಕದ್ದವನು ನಿಮ್ಮ ಮುಂಬೈಗೆ ಬರುವುದಿಲ್ಲ. ನೀವು ತಿರುಗಿಯೂ ನೋಡದ ಯಾವುದೋ ರೀಜನ್ನಿನಲ್ಲಿ ದೊಡ್ಡ ಯಂತ್ರಗಳನ್ನು ಎಬ್ಬಿಸಿ ಕ್ರಿಪ್ಟೋ ಗಣಿಗಾರಿಕೆ ಶುರುಮಾಡುತ್ತಾನೆ. ನಿಮಗೆ ಗೊತ್ತಾಗುವುದು ತಿಂಗಳ ಬಿಲ್ಲು ಬಂದಾಗ.

ಖಾತೆ ತೆರೆದ ದಿನದಿಂದಲೇ ಚಾಲ್ತಿಯಲ್ಲಿರುವ ರೀಜನ್‌ಗಳು 17. ಐದು ಗಿರಾಕಿ ಖಾತೆ ಎಂದರೆ 85 ಜೋಡಣೆ. ಕನ್ಸೋಲಿನಲ್ಲಿ (ಬ್ರೌಸರಿನ ಎಡಬ್ಲ್ಯುಎಸ್ ಪುಟದಲ್ಲಿ) ಇದನ್ನು ಕ್ಲಿಕ್ ಮಾಡುತ್ತಾ ಹೋದರೆ ಎಲ್ಲೋ ಒಂದು ಕಡೆ ತಪ್ಪುತ್ತದೆ, ತಪ್ಪಿದ್ದು ಕಾಣುವುದೂ ಇಲ್ಲ. ಕಮಾಂಡ್ ಲೈನ್ ಬೇಕಾಗುವುದು ಇದಕ್ಕೇ. ‘ಇಸಿ2 ಡಿಸ್ಕ್ರೈಬ್-ರೀಜನ್ಸ್’ ಎಂದರೆ ಆ ಖಾತೆಯಲ್ಲಿ ಚಾಲ್ತಿಯಲ್ಲಿರುವ ರೀಜನ್‌ಗಳ ಪಟ್ಟಿ ಬರುತ್ತದೆ. ಅದರ ಮೇಲೆ ಒಂದು ಲೂಪ್ (ಅದೇ ಕಮಾಂಡನ್ನು ಒಂದೊಂದು ರೀಜನ್‌ಗೂ ಮತ್ತೆ ಕೊಡುವ ಸ್ಕ್ರಿಪ್ಟು) ಓಡಿಸಿದರೆ ಮುಗಿಯಿತು.

ಹೈದರಾಬಾದ್ ರೀಜನ್ ಬಗ್ಗೆ ಒಂದು ಎಚ್ಚರಿಕೆ. ಅದು ಬಂದದ್ದು 2022ರ ನವೆಂಬರಿನಲ್ಲಿ. 2019ರ ಮಾರ್ಚ್ 20ರ ನಂತರ ಬಂದ ರೀಜನ್‌ಗಳೆಲ್ಲ ನಾವಾಗಿ ತೆರೆದರೆ ಮಾತ್ರ ತೆರೆಯುತ್ತವೆ. ಅಡ್ಮಿನ್ ಖಾತೆಯಲ್ಲಿ ಹೈದರಾಬಾದ್ ತೆರೆದು ಸದಸ್ಯ ಖಾತೆಯಲ್ಲಿ ತೆರೆಯದಿದ್ದರೆ ಆ ಸದಸ್ಯನ ಜೋಡಣೆ ಅಲ್ಲಿ ಪೂರ್ತಿಯಾಗುವುದಿಲ್ಲ. ಬಳಸದ ಗಿರಾಕಿಗೆ ಅದನ್ನು ಮುಚ್ಚಿಯೇ ಇಡುವುದು ಒಳ್ಳೆಯದು. ಮುಚ್ಚಿದ ರೀಜನ್ನಿನಲ್ಲಿ ಕಳ್ಳನಿಗೂ ಕೆಲಸವಿಲ್ಲ.

ಆಹ್ವಾನದ ದಾರಿ

ಮೊದಲು ನಿಮ್ಮ ಅಡ್ಮಿನ್ ಖಾತೆಯಲ್ಲಿ ‘ಕ್ರಿಯೇಟ್-ಡಿಟೆಕ್ಟರ್’ ಕೊಟ್ಟು ‘ಎನೇಬಲ್’ ಆಯ್ಕೆ ಸೇರಿಸಬೇಕು. ಮೊದಲೇ ಆನ್ ಆಗಿದ್ದರೆ ‘ಲಿಸ್ಟ್-ಡಿಟೆಕ್ಟರ್ಸ್’ ಐಡಿ ಕೊಡುತ್ತದೆ. ಗಿರಾಕಿಯ ಖಾತೆಯಲ್ಲೂ ಇದೇ ಕೆಲಸ ಮೊದಲು ಆಗಿರಬೇಕು. ಆಹ್ವಾನ ಒಪ್ಪುವಾಗ ಅವರ ಕಡೆಯ ಡಿಟೆಕ್ಟರ್ ಐಡಿಯನ್ನೂ ಕೊಡಬೇಕಾಗುತ್ತದೆ, ಡಿಟೆಕ್ಟರ್ ಇಲ್ಲದವರು ಒಪ್ಪುವುದು ಹೇಗೆ?

ಮುಂದೆ ಅಡ್ಮಿನ್ ಕಡೆಯಿಂದ ‘ಕ್ರಿಯೇಟ್-ಮೆಂಬರ್ಸ್’. ಇದಕ್ಕೆ ನಿಮ್ಮ ಡಿಟೆಕ್ಟರ್ ಐಡಿ, ಗಿರಾಕಿಯ 12 ಅಂಕಿಯ ಖಾತೆ ಸಂಖ್ಯೆ, ಅವರ ಇಮೇಲ್ ಬೇಕು. ಒಂದು ಸಲಕ್ಕೆ 50 ಖಾತೆ ಕೊಡಬಹುದು. ಇದು ಬರೇ ಹೆಸರು ಬರೆದುಕೊಂಡ ಹಾಗೆ, ಇನ್ನೂ ಯಾರನ್ನೂ ಕರೆದಿಲ್ಲ. ಕರೆಯುವ ಕಮಾಂಡು ‘ಇನ್‌ವೈಟ್-ಮೆಂಬರ್ಸ್’.

ನಮ್ಮ ಕಡೆ ಈ ದಾರಿ ಹೆಚ್ಚಾಗಿ ಕೆಡುವುದು ಇಮೇಲಿನಲ್ಲಿ. ಕೊಡಬೇಕಾದ್ದು ಆ ಖಾತೆಯ ರೂಟ್ ಬಳಕೆದಾರನ (ಖಾತೆಯ ಪೂರ್ತಿ ಅಧಿಕಾರ ಇರುವ ಮೂಲ ಬಳಕೆದಾರನ) ಇಮೇಲ್, ಗಿರಾಕಿ ಈಗ ವಾಟ್ಸಪ್ಪಿನಲ್ಲಿ ಕಳಿಸುವ ಇಮೇಲ್ ಅಲ್ಲ. ಸಣ್ಣ ಸಂಸ್ಥೆಗಳಲ್ಲಿ ಖಾತೆ ತೆರೆದವರು ಬೇರೆ ಯಾರೋ ಇರುತ್ತಾರೆ: ಆಗ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹುಡುಗ, ಈಗ ಅವನು ಶಾರ್ಜಾದಲ್ಲಿ. ಇಮೇಲ್ ತಾಳೆಯಾಗದಿದ್ದರೆ ಆಹ್ವಾನ ‘ಇಮೇಲ್ ವೆರಿಫಿಕೇಶನ್ ಫೇಲ್ಡ್’ ಎಂಬ ಸ್ಥಿತಿಯಲ್ಲಿ ಸತ್ತು ಬೀಳುತ್ತದೆ. ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು ಕನ್ಸೋಲಿನ ಅಕೌಂಟ್ ಪುಟದಲ್ಲಿ ರೂಟ್ ಇಮೇಲ್ ಯಾವುದೆಂದು ನೋಡಿ ಬರೆದುಕೊಂಡ ಮೇಲೆಯೇ ‘ಕ್ರಿಯೇಟ್-ಮೆಂಬರ್ಸ್’ ಕೊಡಿ. ಆ ಇಮೇಲ್ ಊರು ಬಿಟ್ಟವರದ್ದು ಎಂದು ಗೊತ್ತಾದರೆ ಗಾರ್ಡ್‌ಡ್ಯೂಟಿಯನ್ನು ಬದಿಗಿಟ್ಟು ಮೊದಲು ಅದನ್ನು ಬದಲಾಯಿಸಿಸಿ. ರೂಟ್ ಇಮೇಲ್ ಯಾರ ಕೈಯಲ್ಲಿದೆಯೋ ಕೊನೆಗೆ ಖಾತೆ ಅವರದ್ದೇ. ಅದಕ್ಕಿಂತ ದೊಡ್ಡ ಸೆಕ್ಯುರಿಟಿ ಪ್ರಶ್ನೆ ಇಲ್ಲ ಮಾರಾಯ್ರೆ.

ಇನ್ನೊಂದು ಜಾಗ. ಈ ಕಮಾಂಡುಗಳಿಗೆ ಬರುವ ಉತ್ತರದಲ್ಲಿ ‘ಅನ್‌ಪ್ರಾಸೆಸ್ಡ್ ಅಕೌಂಟ್ಸ್’ ಎಂಬ ಪಟ್ಟಿ ಇರುತ್ತದೆ. ಅದು ಖಾಲಿ ಇದ್ದರೆ ಮಾತ್ರ ಎಲ್ಲ ಸರಿಯಾಯಿತು ಎಂದರ್ಥ. ಐದರಲ್ಲಿ ಎರಡು ಖಾತೆ ಕೈಕೊಟ್ಟರೂ ಕಮಾಂಡು ಎರರ್ ಹೊಡೆಯುವುದಿಲ್ಲ, ಶಾಂತವಾಗಿ ಮುಗಿಯುತ್ತದೆ. ಸೋತ ಖಾತೆಗಳೂ ಕಾರಣವೂ ಆ ಪಟ್ಟಿಯೊಳಗೆ ಇರುತ್ತವೆ. ಲೂಪ್ ಬರೆದು ಔಟ್‌ಪುಟ್ಟನ್ನು ಎಸೆಯುವವರು ಇದನ್ನು ನೋಡುವುದೇ ಇಲ್ಲ. ಸ್ಕ್ರಿಪ್ಟಿನಲ್ಲಿ ಆ ಪಟ್ಟಿ ಖಾಲಿಯೋ ಎಂದು ಪರೀಕ್ಷಿಸುವ ಒಂದು ಸಾಲು ಸೇರಿಸಿ.

ಒಪ್ಪುವ ಕೆಲಸ ಗಿರಾಕಿಯ ಖಾತೆಯಲ್ಲಿ. ‘ಲಿಸ್ಟ್-ಇನ್ವಿಟೇಶನ್ಸ್’ ಕೊಟ್ಟರೆ ಆಹ್ವಾನದ ಐಡಿ, ಕಳಿಸಿದ ಖಾತೆಯ ಸಂಖ್ಯೆ ಕಾಣುತ್ತದೆ. ‘ಆಕ್ಸೆಪ್ಟ್-ಅಡ್ಮಿನಿಸ್ಟ್ರೇಟರ್-ಇನ್ವಿಟೇಶನ್’ ಕೊಟ್ಟು ಅವರ ಡಿಟೆಕ್ಟರ್ ಐಡಿ, ನಿಮ್ಮ ಖಾತೆ ಸಂಖ್ಯೆ, ಆಹ್ವಾನದ ಐಡಿ ಮೂರನ್ನೂ ಸೇರಿಸಿದರೆ ಆಯಿತು. ಹಳೆಯ ಬರಹಗಳಲ್ಲಿ ‘ಆಕ್ಸೆಪ್ಟ್-ಇನ್ವಿಟೇಶನ್’, ‘ಮಾಸ್ಟರ್-ಐಡಿ’ ಎಂದೆಲ್ಲ ಕಾಣುತ್ತದೆ. ಅದು ಹಿಂದಿನ ಹೆಸರು, ಹೊಸ ಸ್ಕ್ರಿಪ್ಟಿನಲ್ಲಿ ಬಳಸಬೇಡಿ. ಒಪ್ಪಿಗೆಗೆ ರೂಟ್ ಲಾಗಿನ್ ಬೇಡ, ಅಷ್ಟೇ ಅನುಮತಿ ಇರುವ ಸಾಧಾರಣ ಬಳಕೆದಾರ ಸಾಕು.

17 ರೀಜನ್‌ಗೆ 17 ಒಪ್ಪಿಗೆ ಯಾರು ಕೊಡುವುದು? ಶಾಲೆಯ ಹೆಡ್ಮಾಸ್ಟರರಿಗೆ ಫೋನು ಮಾಡಿ “ಮಾಸ್ಟ್ರೇ, ಅಮೆಜಾನಿನಿಂದ ಹದಿನೇಳು ಮೇಲ್ ಬರ್ತದೆ, ಎಲ್ಲ ಒತ್ತಿ” ಎನ್ನಲಿಕ್ಕಾಗುತ್ತದಾ? ಹೇಳಲೂಬಾರದು. ಇಮೇಲಿನಲ್ಲಿ ಬಂದ ಲಿಂಕ್ ಒತ್ತಬೇಡಿ ಎಂದು ಅವರಿಗೆ ಕಲಿಸಿದವರು ನಾವೇ ತಾನೆ? ‘ಇನ್‌ವೈಟ್-ಮೆಂಬರ್ಸ್’ ಕೊಡುವಾಗ ‘ಡಿಸೇಬಲ್-ಇಮೇಲ್-ನೋಟಿಫಿಕೇಶನ್’ ಸೇರಿಸಿ ಮೇಲುಗಳನ್ನೇ ನಿಲ್ಲಿಸಿ. ಒಪ್ಪಿಗೆಯ ಲೂಪನ್ನು ಒಂದು ಸಣ್ಣ ಫೈಲಿನಲ್ಲಿ ಬರೆದು, ಅವರ ಎದುರೇ, ಅವರ ಖಾತೆಯ ಕ್ಲೌಡ್‌ಶೆಲ್ಲಿನಲ್ಲಿ (ಬ್ರೌಸರಿನಲ್ಲೇ ಕಮಾಂಡು ಕೊಡುವ ಜಾಗ) ಓಡಿಸಿ. ಅರ್ಧ ಗಂಟೆಯ ಕೆಲಸವೂ ಅಲ್ಲ. ಏನಕ್ಕೆ ಒಪ್ಪಿದೆ ಎಂದು ಅವರಿಗೂ ಗೊತ್ತಿರುತ್ತದೆ.

ಎಲ್ಲ ಆದ ಮೇಲೆ ಅಡ್ಮಿನ್ ಖಾತೆಯಲ್ಲಿ ‘ಲಿಸ್ಟ್-ಮೆಂಬರ್ಸ್’ ಓಡಿಸಿ, ರೀಜನ್ ರೀಜನ್‌ಗೆ. ‘ಎನೇಬಲ್ಡ್’ ಎಂದು ಕಂಡರೆ ಜೋಡಣೆ ಮುಗಿದಿದೆ. ‘ಇನ್‌ವೈಟೆಡ್’ ಎಂದಿದ್ದರೆ ಒಪ್ಪಿಗೆ ಬಾಕಿ, ‘ಕ್ರಿಯೇಟೆಡ್’ ಎಂದಿದ್ದರೆ ನೀವು ಕರೆಯುವುದನ್ನೇ ಬಿಟ್ಟಿದ್ದೀರಿ. ಗಿರಾಕಿಯ ಕಡೆಯಿಂದ ‘ಗೆಟ್-ಅಡ್ಮಿನಿಸ್ಟ್ರೇಟರ್-ಅಕೌಂಟ್’ ಇದೇ ಸಂಗತಿಯನ್ನು ತಿರುಗಿಸಿ ತೋರಿಸುತ್ತದೆ.

ಆರ್ಗನೈಸೇಶನ್ಸ್ ದಾರಿ

ಇಲ್ಲಿ ಕಮಾಂಡು ಕಡಿಮೆ, ಅದರ ಹಿಂದಿನ ತೀರ್ಮಾನ ದೊಡ್ಡದು. ‘ಆರ್ಗನೈಸೇಶನ್ಸ್ ಕ್ರಿಯೇಟ್-ಆರ್ಗನೈಸೇಶನ್’ ಕೊಟ್ಟ ಖಾತೆಯೇ ಮ್ಯಾನೇಜ್‌ಮೆಂಟ್ ಖಾತೆಯಾಗುತ್ತದೆ. ಆರ್ಗನೈಸೇಶನ್ಸ್‌ಗೆ ಬೇರೆ ಶುಲ್ಕವಿಲ್ಲ. ಹೊರಗಿನ ಹಳೆಯ ಖಾತೆಗಳನ್ನು ‘ಇನ್‌ವೈಟ್-ಅಕೌಂಟ್-ಟು-ಆರ್ಗನೈಸೇಶನ್’ ಮೂಲಕ ಕರೆಯಬೇಕು, ಅವರು ‘ಆಕ್ಸೆಪ್ಟ್-ಹ್ಯಾಂಡ್‌ಶೇಕ್’ ಕೊಡಬೇಕು. 15 ದಿನದೊಳಗೆ ಒಪ್ಪದಿದ್ದರೆ ಆ ಕರೆ ರದ್ದು. ಆದರೆ ಒಂದು ಸಲ ಒಳಗೆ ಬಂದ ಖಾತೆಗೆ ಗಾರ್ಡ್‌ಡ್ಯೂಟಿಯ ಒಪ್ಪಿಗೆ ಮತ್ತೆ ಕೇಳಬೇಕಾಗಿಲ್ಲ.

ಒಳಗೆ ಬಂದ ಮೇಲೆ ಮ್ಯಾನೇಜ್‌ಮೆಂಟ್ ಖಾತೆಯಿಂದ ‘ಎನೇಬಲ್-ಆರ್ಗನೈಸೇಶನ್-ಅಡ್ಮಿನ್-ಅಕೌಂಟ್’ ಕೊಟ್ಟು ಯಾವ ಖಾತೆ ಸೆಕ್ಯುರಿಟಿ ನೋಡಿಕೊಳ್ಳಬೇಕೋ ಅದರ ಸಂಖ್ಯೆ ಹೇಳುವುದು. ಇದೂ ಪ್ರತಿ ರೀಜನ್ನಿನಲ್ಲೂ ಬೇರೆ ಬೇರೆ ಮಾಡಬೇಕು, ಎಲ್ಲ ರೀಜನ್ನಿನಲ್ಲೂ ಅದೇ ಖಾತೆ ಇರಬೇಕು. ಮ್ಯಾನೇಜ್‌ಮೆಂಟ್ ಖಾತೆಯನ್ನೇ ಸೆಕ್ಯುರಿಟಿ ಅಡ್ಮಿನ್ ಮಾಡಲು ತಾಂತ್ರಿಕವಾಗಿ ಅಡ್ಡಿಯಿಲ್ಲ, ಆದರೆ ಬೇಡ. ಬಿಲ್ಲು, ಖಾತೆ ಸೇರಿಸುವುದು, ತೆಗೆಯುವುದು ಎಲ್ಲ ಅಲ್ಲಿ ನಡೆಯುತ್ತದೆ. ದಿನಾ ಎಚ್ಚರಿಕೆ ನೋಡುವ ಹುಡುಗನಿಗೆ ಆ ಖಾತೆಯ ಲಾಗಿನ್ ಯಾಕೆ ಕೊಡಬೇಕು? ಸೆಕ್ಯುರಿಟಿಗೆಂದೇ ಒಂದು ಖಾಲಿ ಖಾತೆ ತೆರೆದು ಅದಕ್ಕೆ ಅಧಿಕಾರ ಕೊಡಿ.

ಆಮೇಲೆ ಅಡ್ಮಿನ್ ಖಾತೆಯಿಂದ ‘ಅಪ್‌ಡೇಟ್-ಆರ್ಗನೈಸೇಶನ್-ಕಾನ್ಫಿಗರೇಶನ್’. ಇದರಲ್ಲಿ ‘ಆಟೋ-ಎನೇಬಲ್-ಆರ್ಗನೈಸೇಶನ್-ಮೆಂಬರ್ಸ್’ ಎಂಬ ಆಯ್ಕೆಗೆ ಮೂರು ಮೌಲ್ಯ: ‘ಆಲ್’ ಎಂದರೆ ಈಗಿರುವ ಖಾತೆಗೂ ಮುಂದೆ ಬರುವ ಖಾತೆಗೂ, ‘ನ್ಯೂ’ ಎಂದರೆ ಇನ್ನು ಮುಂದೆ ಬರುವವಕ್ಕೆ ಮಾತ್ರ, ‘ನನ್’ ಎಂದರೆ ತಾನಾಗಿ ಯಾರಿಗೂ ಇಲ್ಲ. ‘ಆಲ್’ ಕೊಟ್ಟ ಕೂಡಲೇ ಎಲ್ಲ ಖಾತೆ ಕಾಣುತ್ತದೆ ಎಂದು ಕಾಯಬೇಡಿ, 24 ಗಂಟೆಯವರೆಗೂ ಹಿಡಿಯಬಹುದು. ‘ನ್ಯೂ’ ಇಟ್ಟವರು ಹಳೆಯ ಖಾತೆಗಳನ್ನು ‘ಕ್ರಿಯೇಟ್-ಮೆಂಬರ್ಸ್’ ಕೊಟ್ಟು ಕೈಯಿಂದಲೇ ಸೇರಿಸಬೇಕು. ‘ಡಿಸ್ಕ್ರೈಬ್-ಆರ್ಗನೈಸೇಶನ್-ಕಾನ್ಫಿಗರೇಶನ್’ ಈಗ ಏನಿದೆ ಎಂದು ತೋರಿಸುತ್ತದೆ.

ಈ ದಾರಿಯ ನಿಜವಾದ ಲಾಭ ಇದೇ: ಹೊಸ ಖಾತೆ ತೆರೆದ ದಿನವೇ ಅದು ಕಾವಲಿನೊಳಗೆ. ಡಿಟೆಕ್ಟರ್ ಕೂಡ ತಾನಾಗಿ ಏಳುತ್ತದೆ. ನಿಮ್ಮದೇ ಸಾಫ್ಟ್‌ವೇರ್ ಮಾಡಿ, ಟೆಸ್ಟಿಂಗ್‌ಗೆ ಒಂದು, ಪ್ರೊಡಕ್ಷನ್‌ಗೆ ಒಂದು, ಬ್ಯಾಕಪ್‌ಗೆ ಒಂದು ಎಂದು ಖಾತೆ ತೆರೆಯುತ್ತಾ ಹೋಗುವವರಾದರೆ ಇದರ ಎದುರು ಆಹ್ವಾನದ ದಾರಿ ನಿಲ್ಲುವುದಿಲ್ಲ. ಸಂಖ್ಯೆಯ ಮಿತಿ ನೋಡಿದರೆ ಆಹ್ವಾನದಲ್ಲಿ 5,000 ಸದಸ್ಯರು, ಆರ್ಗನೈಸೇಶನ್ಸ್‌ನಲ್ಲಿ 50,000. ಕಾಸರಗೋಡು ಜಿಲ್ಲೆಯ ಎಲ್ಲ ಅಂಗಡಿಯವರನ್ನು ಸೇರಿಸಿಕೊಂಡರೂ ನಮಗೆ ಆ ಮಿತಿಯ ಚಿಂತೆ ಬಾರದು.

ದುಬೈ ವಿಳಾಸದ ಖಾತೆ

ಆರ್ಗನೈಸೇಶನ್ಸ್‌ಗೆ ಸೇರಿಸುವ ಮುಂಚೆ ಪ್ರತಿ ಖಾತೆಯ ಬಿಲ್ಲು ತೆಗೆದು ಮಾರಾಟಗಾರ ಯಾರೆಂದು ಓದಿ. ಭಾರತದ ವಿಳಾಸ ಕೊಟ್ಟು ತೆರೆದ ಖಾತೆಗಳ ಮಾರಾಟಗಾರ ಅಮೆಜಾನ್ ವೆಬ್ ಸರ್ವಿಸಸ್ ಇಂಡಿಯಾ ಪ್ರೈವೇಟ್ ಲಿಮಿಟೆಡ್. ಹಳೆಯ ಕಾಗದಗಳಲ್ಲಿ ಅದು ಎಐಎಸ್‌ಪಿಎಲ್ ಎಂಬ ಹೆಸರಿನಲ್ಲಿರುತ್ತದೆ. ಭಾರತದ ಈ ಕಂಪನಿಯಡಿಯ ಖಾತೆಗಳನ್ನೂ ಹೊರದೇಶದ ಮಾರಾಟಗಾರರಡಿಯ ಖಾತೆಗಳನ್ನೂ ಒಂದೇ ಆರ್ಗನೈಸೇಶನ್ನಿನಲ್ಲಿ ಬೆರೆಸಬಾರದು ಎಂಬುದು ಎಡಬ್ಲ್ಯುಎಸ್ ಇಟ್ಟುಕೊಂಡು ಬಂದ ನಿಯಮ.

ಬೇರೆ ಊರಿನವರಿಗೆ ಇದು ಅಪರೂಪದ ತೊಡಕು. ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. ಅಂಗಡಿ ಉಪ್ಪಳದಲ್ಲಿ, ಇನ್ನೊಂದು ಅಂಗಡಿ ದುಬೈಯ ದೇರಾದಲ್ಲಿ; ತಮ್ಮ ಊರಿನಲ್ಲಿ, ಅಣ್ಣ ಅಲ್ಲಿ. ವೆಬ್‌ಸೈಟಿನ ಖಾತೆ ಅಣ್ಣ ಅಲ್ಲಿಯ ಕಾರ್ಡು, ಅಲ್ಲಿಯ ವಿಳಾಸ ಕೊಟ್ಟು ತೆರೆದದ್ದು. ಊರಿನ ಸ್ಟಾಕ್ ಲೆಕ್ಕದ ಖಾತೆ ತಮ್ಮನ ಪಾನ್ ಕಾರ್ಡಿನಲ್ಲಿ. ಇಬ್ಬರದೂ ಒಂದೇ ವ್ಯಾಪಾರ, ಒಂದೇ ಮನೆ. ಆರ್ಗನೈಸೇಶನ್ಸ್ ಕಣ್ಣಿಗೆ ಮಾತ್ರ ಇಬ್ಬರೂ ಬೇರೆ ಬೇರೆ. ಗಾರ್ಡ್‌ಡ್ಯೂಟಿಯ ಆಹ್ವಾನಕ್ಕೆ ಎರಡು ಖಾತೆ ಒಂದೇ ಆರ್ಗನೈಸೇಶನ್ನಿನಲ್ಲಿ ಇರಬೇಕೆಂಬ ಷರತ್ತಿಲ್ಲ. ಹೀಗಾಗಿ ಇಂಥ ಮನೆಗಳಿಗೆ ಊರಿನ ಖಾತೆಗಳು ಆರ್ಗನೈಸೇಶನ್ಸ್ ಮೂಲಕ, ದುಬೈಯದ್ದು ಆಹ್ವಾನದ ಮೂಲಕ, ಎರಡೂ ಒಂದೇ ಅಡ್ಮಿನ್ ಖಾತೆಗೆ. ಅಡ್ಮಿನ್ ಖಾತೆ ಎರಡು ಬಗೆಯ ಸದಸ್ಯರನ್ನೂ ಒಟ್ಟಿಗೆ ಇಟ್ಟುಕೊಳ್ಳಬಲ್ಲದು. ಒಂದು ಸದಸ್ಯ ಖಾತೆಗೆ ಇಬ್ಬರು ಅಡ್ಮಿನ್ ಇರುವುದು ಮಾತ್ರ ಸಾಧ್ಯವಿಲ್ಲ. ಈಗಾಗಲೇ ಬೇರೆಯವರಿಗೆ ಜೋಡಿಸಿದ ಖಾತೆಯಾದರೆ ಅಲ್ಲಿಂದ ಬಿಡಿಸಿಕೊಂಡೇ ಬರಬೇಕು.

ಬಿಡುವ ಹಕ್ಕು ಯಾರ ಕೈಯಲ್ಲಿ?

ಗಿರಾಕಿಗಳು ಕೇಳುವ ಪ್ರಶ್ನೆ ಡಿಟೆಕ್ಟರ್ ಬಗ್ಗೆ ಅಲ್ಲ. “ನಾಳೆ ನಾನು ಬೇರೆಯವರ ಹತ್ತಿರ ಕೆಲಸ ಕೊಟ್ರೆ ಖಾತೆ ನನ್ನ ಕೈಗೆ ಬರ್ತದಾ, ನಿಮ್ಮ ಕೈಯಲ್ಲೇ ಉಳೀತದಾ?” ಎಂದು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ.

ಆಹ್ವಾನದಿಂದ ಬಂದ ಸದಸ್ಯ ಯಾವಾಗ ಬೇಕಾದರೂ ‘ಡಿಸ್‌ಅಸೋಸಿಯೇಟ್-ಫ್ರಂ-ಅಡ್ಮಿನಿಸ್ಟ್ರೇಟರ್-ಅಕೌಂಟ್’ ಕೊಟ್ಟು ಹೊರಡಬಹುದು. ನಿಮ್ಮನ್ನು ಕೇಳಬೇಕಾಗಿಲ್ಲ. ನಿಮ್ಮ ಪಟ್ಟಿಯಲ್ಲಿ ಅವರ ಸ್ಥಿತಿ ‘ರಿಸೈನ್ಡ್’ ಎಂದು ಬದಲಾಗುತ್ತದೆ, ಅಷ್ಟೇ. ನೀವೇ ತೆಗೆದರೆ ‘ರಿಮೂವ್ಡ್’ ಎನ್ನುತ್ತದೆ. ನಿಮಗೆ ಅವರ ಖಾತೆಯ ಮೇಲೆ ಸಿಕ್ಕಿದ್ದು ಗಾರ್ಡ್‌ಡ್ಯೂಟಿಯ ಮಟ್ಟಿನ ಅಧಿಕಾರ ಮಾತ್ರ: ಫೈಂಡಿಂಗ್ ನೋಡುವುದು, ಅದನ್ನು ಬದಿಗೆ ಸರಿಸುವುದು, ಕಾವಲನ್ನು ನಿಲ್ಲಿಸುವುದು. ಅವರ ಸರ್ವರಿಗೂ ಡೇಟಾಬೇಸಿಗೂ ಇದರಿಂದ ನಿಮಗೆ ದಾರಿ ತೆರೆಯುವುದಿಲ್ಲ.

ಆರ್ಗನೈಸೇಶನ್ಸ್ ಮೂಲಕ ಬಂದ ಸದಸ್ಯ ಗಾರ್ಡ್‌ಡ್ಯೂಟಿಯಿಂದ ತಾನಾಗಿ ಬಿಡಿಸಿಕೊಳ್ಳಲಾರ. ನಿಮ್ಮದೇ ಖಾತೆಗಳಲ್ಲಿ ಇದು ಬೇಕಾದ ಗುಣ. ಯಾವುದೋ ಖಾತೆಯ ಕೀ ಕದ್ದವನು ಮೊದಲು ಮಾಡುವ ಕೆಲಸ ಕಾವಲು ನಿಲ್ಲಿಸುವುದು. ಆಟೋ-ಎನೇಬಲ್ ‘ಆಲ್’ ಇದ್ದರೆ ಸದಸ್ಯ ಖಾತೆಯೊಳಗಿನಿಂದ ಗಾರ್ಡ್‌ಡ್ಯೂಟಿ ಆಫ್ ಮಾಡಲು ಹೋದರೆ ಎರರ್ ಬರುತ್ತದೆ. ಆದರೆ ಗಿರಾಕಿಯ ಖಾತೆಗೆ ಇದೇ ಗುಣ ಕೊರಳುಪಟ್ಟಿ. ಅಷ್ಟೇ ಅಲ್ಲ, ಆರ್ಗನೈಸೇಶನ್ ಎಂದ ಮೇಲೆ ಗಾರ್ಡ್‌ಡ್ಯೂಟಿಯ ಜೊತೆ ಉಳಿದದ್ದೂ ಬರುತ್ತದೆ. ಮ್ಯಾನೇಜ್‌ಮೆಂಟ್ ಖಾತೆಯಿಂದ ನಿಯಂತ್ರಣ ನೀತಿ ಹಾಕಿ ಸದಸ್ಯ ಖಾತೆಯಲ್ಲಿ ಯಾವ ಸೇವೆ ನಡೆಯಬೇಕು, ಯಾವುದು ಬೇಡ ಎಂದು ನಿರ್ಧರಿಸಬಹುದು. ಒಂದು ಎಚ್ಚರಿಕೆಯ ವ್ಯವಸ್ಥೆಗೆ ಒಪ್ಪಿದ ಗಿರಾಕಿ ತನ್ನ ಮನೆಯ ಬೀಗದ ಕೈ ಗೊಂಚಲನ್ನೇ ಕೊಟ್ಟ ಹಾಗಾಯಿತು.

ಬಿಲ್ಲಿನ ಪ್ರಶ್ನೆ ಇದಕ್ಕೆ ಅಂಟಿಕೊಂಡಿದೆ. ಆರ್ಗನೈಸೇಶನ್‌ಗೆ ಸೇರಿದ ಖಾತೆಗಳ ಖರ್ಚು ಪೂರ್ತಿ ಮ್ಯಾನೇಜ್‌ಮೆಂಟ್ ಖಾತೆ ಕಟ್ಟಬೇಕು. ಅಂದರೆ ಐದು ಗಿರಾಕಿಗಳ ಸರ್ವರ್ ಬಾಡಿಗೆ ನಿಮ್ಮ ಕಾರ್ಡಿನಿಂದ ಹೋಗುತ್ತದೆ, ನೀವು ಆಮೇಲೆ ಅವರ ಹಿಂದೆ ವಸೂಲಿಗೆ ತಿರುಗಬೇಕು. ಅಡಿಕೆ ದರ ಬಿದ್ದ ತಿಂಗಳು ವ್ಯಾಪಾರಿಗಳ ಹತ್ತಿರ ಹಣ ಕೇಳಿ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅದರ ಮೇಲೆ ಜಿಎಸ್‌ಟಿ. ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ ಮಳಿಗೆ ಇರುವವರಿಗೆ 32ರಿಂದ ಶುರುವಾಗುವ ಕೇರಳದ ನಂಬರ್ ಒಂದು, 29ರ ಕರ್ನಾಟಕದ್ದು ಒಂದು. ಯಾವ ಖಾತೆಯ ಬಿಲ್ಲು ಯಾವ ನಂಬರಿಗೆ ಬರಬೇಕು ಎಂಬುದು ಅವರ ಆಡಿಟರ್ ತೀರ್ಮಾನಿಸಬೇಕಾದ ವಿಷಯ, ನಾವಲ್ಲ. ಆಹ್ವಾನದಲ್ಲಿ ಈ ರಗಳೆಯೇ ಇಲ್ಲ: ಅವರ ಖಾತೆಯ ಗಾರ್ಡ್‌ಡ್ಯೂಟಿ ಖರ್ಚು ಅವರ ಬಿಲ್ಲಿಗೇ ಬೀಳುತ್ತದೆ. ಹೊಸದಾಗಿ ಆನ್ ಮಾಡಿದ ಪ್ರತಿ ಖಾತೆಗೆ ಪ್ರತಿ ರೀಜನ್ನಿನಲ್ಲಿ 30 ದಿನ ಉಚಿತ. ‘ಗೆಟ್-ರಿಮೈನಿಂಗ್-ಫ್ರೀ-ಟ್ರಯಲ್-ಡೇಸ್’ ಎಷ್ಟು ದಿನ ಉಳಿದಿದೆ ಎನ್ನುತ್ತದೆ, ‘ಗೆಟ್-ಯೂಸೇಜ್-ಸ್ಟ್ಯಾಟಿಸ್ಟಿಕ್ಸ್’ ಖರ್ಚಿನ ಅಂದಾಜು ಕೊಡುತ್ತದೆ. ಆ ಅಂದಾಜನ್ನು ಗಿರಾಕಿಗೆ ತೋರಿಸಿದ ಮೇಲೆಯೇ ಮುಂದುವರಿಯಿರಿ. ಬಳಸದ ರೀಜನ್ನಿನಲ್ಲಿ ಓದಲು ಏನೂ ಇಲ್ಲದ ಕಾರಣ ಖರ್ಚು ಬಹಳ ಕಡಿಮೆ. ಇದೂ ಅವರಿಗೆ ಗೊತ್ತಿರಲಿ, ಇಲ್ಲದಿದ್ದರೆ ಹದಿನೇಳರಲ್ಲಿ ಹದಿನಾರು ನಿಲ್ಲಿಸಿ ಎಂದಾರು.

ಆರು ಗಂಟೆ, ನೂರೆಂಬತ್ತು ದಿನ

ದಾರಿ ಯಾವುದಾದರೂ ಈ ಭಾಗ ಬಿಡುವಂತಿಲ್ಲ. ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗುಗಳನ್ನು 180 ದಿನ ಇಟ್ಟಿರಬೇಕು. ಗಾರ್ಡ್‌ಡ್ಯೂಟಿ ಫೈಂಡಿಂಗ್‌ಗಳನ್ನು ಇಟ್ಟುಕೊಳ್ಳುವುದು 90 ದಿನ. ಉಳಿದದ್ದಕ್ಕೆ ಎಸ್3 ಬಕೆಟ್ಟಿಗೆ (ಎಡಬ್ಲ್ಯುಎಸ್‌ನ ಫೈಲು ಇಡುವ ಜಾಗಕ್ಕೆ) ಎಕ್ಸ್‌ಪೋರ್ಟ್ ಹಾಕಬೇಕು; ಕಮಾಂಡು ‘ಕ್ರಿಯೇಟ್-ಪಬ್ಲಿಶಿಂಗ್-ಡೆಸ್ಟಿನೇಶನ್’. ಬಕೆಟ್ ಮುಂಬೈಯಲ್ಲಿರಲಿ.

ಅಡ್ಮಿನ್ ಖಾತೆಯಲ್ಲಿ ಇದನ್ನು ಹಾಕಿದರೆ ಆ ರೀಜನ್ನಿನ ಸದಸ್ಯರೆಲ್ಲರ ಫೈಂಡಿಂಗ್ ಅದೇ ಬಕೆಟ್ಟಿಗೆ ಬರುತ್ತದೆ. ಅನುಕೂಲವೇ, ಆದರೆ ಕ್ಲಿನಿಕ್ಕಿನ ಖಾತೆಯ ಫೈಂಡಿಂಗ್ ಈಗ ನಿಮ್ಮ ಬಕೆಟ್ಟಿನಲ್ಲಿ ಕೂತಿದೆ ಎಂಬುದನ್ನು ಮರೆಯಬಾರದು. ಅದರೊಳಗೆ ಅವರ ಸರ್ವರಿನ ವಿಳಾಸ, ಬಳಕೆದಾರರ ಹೆಸರು ಎಲ್ಲ ಇರುತ್ತದೆ. ಎಷ್ಟು ದಿನ ಇಡುತ್ತೀರಿ, ಬಿಟ್ಟು ಹೋದಾಗ ಏನು ಮಾಡುತ್ತೀರಿ ಎಂದು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.

ಇನ್ನೊಂದು ಸಣ್ಣ ಸೆಟ್ಟಿಂಗು. ಹೊಸ ಫೈಂಡಿಂಗ್ ಬೇಗ ಬರುತ್ತದೆ, ಆದರೆ ಅದೇ ಫೈಂಡಿಂಗ್ ಮತ್ತೆ ಮತ್ತೆ ನಡೆದರೆ ಆ ಸುದ್ದಿ ಡಿಫಾಲ್ಟಾಗಿ 6 ಗಂಟೆಗೊಮ್ಮೆ. ವರದಿಗೆ ಕೊಟ್ಟ ಅವಧಿಯೂ ಅದೇ 6 ಗಂಟೆ! ಅಡ್ಮಿನ್ ಖಾತೆಯಿಂದ ‘ಅಪ್‌ಡೇಟ್-ಡಿಟೆಕ್ಟರ್’ ಕೊಟ್ಟು ‘ಫೈಂಡಿಂಗ್-ಪಬ್ಲಿಶಿಂಗ್-ಫ್ರೀಕ್ವೆನ್ಸಿ’ಯನ್ನು 15 ನಿಮಿಷಕ್ಕೆ ಇಳಿಸಿ. ಸದಸ್ಯರಿಗೆ ಇದನ್ನು ಬದಲಾಯಿಸಲಾಗದು, ಅಡ್ಮಿನ್ ಇಟ್ಟದ್ದೇ ಅವರಿಗೂ.

ಕಮಾಂಡ್ ಎಲ್ಲಿ ಓಡಿಸುವುದು

ಸ್ವಂತ ಲ್ಯಾಪ್‌ಟಾಪಿನಲ್ಲಿ ಗಿರಾಕಿಗೊಂದು ಪ್ರೊಫೈಲ್ ಮಾಡಿ ಓಡಿಸಬಹುದು. ಆದರೆ ಗಿರಾಕಿಗಳ ಕೀಗಳೆಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ ಸೇರುವುದು ನನಗೆ ಹಿಡಿಸದ ಸಂಗತಿ. ಬ್ರೌಸರಿನಲ್ಲೇ ತೆರೆಯುವ ಕ್ಲೌಡ್‌ಶೆಲ್ಲಿನಲ್ಲಿ ಸಿಎಲ್‌ಐ (ಈ ಕಮಾಂಡುಗಳನ್ನು ಓಡಿಸುವ ಸಾಧನ) ಮೊದಲೇ ಇರುತ್ತದೆ, ಕೀ ಬೇಡ, ಬೇರೆ ಶುಲ್ಕವಿಲ್ಲ. ಜೂನ್ ಜುಲೈಯಲ್ಲಿ ಕರೆಂಟು ಹೋಗಿ ನೆಟ್ ಕಡಿದಾಗ ಲೂಪ್ ಅರ್ಧಕ್ಕೆ ನಿಲ್ಲುವುದು ಎರಡರಲ್ಲೂ ಉಂಟು. ಹಾಗಾಗಿ ಸ್ಕ್ರಿಪ್ಟು ಎರಡನೇ ಸಲ ಓಡಿಸಿದರೂ ಕೆಡದಂತೆ ಇರಲಿ: ಡಿಟೆಕ್ಟರ್ ಇದೆಯೋ ನೋಡು, ಇಲ್ಲದಿದ್ದರೆ ಮಾತ್ರ ಮಾಡು, ಸದಸ್ಯನ ಸ್ಥಿತಿ ನೋಡು, ‘ಎನೇಬಲ್ಡ್’ ಆಗಿದ್ದರೆ ಮುಂದಕ್ಕೆ ಹೋಗು.

ಎಡಬ್ಲ್ಯುಎಸ್ ತಾನೇ ಆಹ್ವಾನದ ದಾರಿಗೆಂದೇ ಒಂದು ಪೈಥಾನ್ ಸ್ಕ್ರಿಪ್ಟ್ ಇಟ್ಟಿದೆ. ಖಾತೆ ಸಂಖ್ಯೆ, ಇಮೇಲ್ ಇರುವ ಒಂದು ಸಿಎಸ್‌ವಿ ಫೈಲ್ ಕೊಟ್ಟರೆ ಕರೆಯುವುದೂ ಒಪ್ಪುವುದೂ ಎರಡನ್ನೂ ಅದೇ ಮಾಡುತ್ತದೆ. ಆದರೆ ಒಪ್ಪಲು ಪ್ರತಿ ಗಿರಾಕಿ ಖಾತೆಯಲ್ಲಿ ನಿಮಗೊಂದು ರೋಲ್ (ಹೊರಗಿನವರು ಬಳಸಬಹುದಾದ ಅನುಮತಿಗಳ ಕಟ್ಟು) ಇರಬೇಕು. ಹತ್ತು ಹದಿನೈದು ಖಾತೆಯ ಮೇಲೆ ಹೋದರೆ ನೋಡಿ, ಅಲ್ಲಿಯವರೆಗೆ ಗಿರಾಕಿಯ ಎದುರು ಕೂತು ಮಾಡುವುದೇ ಲೇಸು.

ಉಳಿದ ಸೇವೆಗಳ ಬಗ್ಗೆ ಚಿಕ್ಕದಾಗಿ: ಸೆಕ್ಯುರಿಟಿ ಹಬ್ (ಫೈಂಡಿಂಗ್‌ಗಳನ್ನು ಒಟ್ಟು ಮಾಡುವುದು), ಮೇಸಿ (ಎಸ್3ಯಲ್ಲಿ ಸೂಕ್ಷ್ಮ ಮಾಹಿತಿ ಹುಡುಕುವುದು), ಡಿಟೆಕ್ಟಿವ್ (ಫೈಂಡಿಂಗ್‌ನ ತನಿಖೆಗೆ) ಮೂರಕ್ಕೂ ಎರಡೂ ದಾರಿ ಉಂಟು, ಕಮಾಂಡುಗಳೂ ಹೆಚ್ಚುಕಡಿಮೆ ಇವೇ. ಎಲ್ಲ ರೀಜನ್ನಿನ ಫೈಂಡಿಂಗ್ ಒಂದೇ ಕಡೆ ಬೇಕೆಂದರೆ ಗಾರ್ಡ್‌ಡ್ಯೂಟಿ ಒಂದರಿಂದ ಆಗದು, ಸೆಕ್ಯುರಿಟಿ ಹಬ್ಬಿನ ‘ಕ್ರಿಯೇಟ್-ಫೈಂಡಿಂಗ್-ಅಗ್ರಿಗೇಟರ್’ ಬೇಕು. ಇನ್‌ಸ್ಪೆಕ್ಟರ್ ಮಾತ್ರ ಆರ್ಗನೈಸೇಶನ್ಸ್ ಇಲ್ಲದೆ ಸದಸ್ಯರನ್ನು ಸೇರಿಸಿಕೊಳ್ಳುವುದಿಲ್ಲ. ಸರ್ವರುಗಳ ಲೋಪ ಹುಡುಕುವ ಆ ಸೇವೆ ಗಿರಾಕಿಗೆ ಬೇಕಿದ್ದರೆ ಅವರ ಖಾತೆಯಲ್ಲೇ ಒಂಟಿಯಾಗಿ ನಡೆಯಲಿ, ಅದೊಂದಕ್ಕಾಗಿ ಅವರನ್ನು ನಿಮ್ಮ ಆರ್ಗನೈಸೇಶನ್ನಿಗೆ ಎಳೆಯಬೇಡಿ.

ಗಿರಾಕಿ ಬಿಟ್ಟು ಹೋಗುವಾಗ

ಅವರು ತಾವಾಗಿ ಬಿಡಿಸಿಕೊಳ್ಳದಿದ್ದರೆ ನಿಮ್ಮ ಕಡೆಯಿಂದ ‘ಡಿಸ್‌ಅಸೋಸಿಯೇಟ್-ಮೆಂಬರ್ಸ್’, ಅದರ ನಂತರ ‘ಡಿಲೀಟ್-ಮೆಂಬರ್ಸ್’. ಎರಡನೆಯದನ್ನು ಬಿಟ್ಟರೆ ಅವರ ಇಮೇಲ್ ಸಮೇತ ವಿವರ ನಿಮ್ಮ ಪಟ್ಟಿಯಲ್ಲಿ ಉಳಿದುಬಿಡುತ್ತದೆ. ಎಂದಿನಂತೆ, ಪ್ರತಿ ರೀಜನ್ನಿನಲ್ಲೂ.

ಬಿಡಿಸಿದ ಮಾತ್ರಕ್ಕೆ ಅವರ ಖಾತೆಯ ಗಾರ್ಡ್‌ಡ್ಯೂಟಿ ನಿಲ್ಲುವುದಿಲ್ಲ. ಡಿಟೆಕ್ಟರ್ ಒಂಟಿಯಾಗಿ ನಡೆಯುತ್ತಲೇ ಇರುತ್ತದೆ, ಬಿಲ್ಲೂ ಬರುತ್ತಲೇ ಇರುತ್ತದೆ, ಎಚ್ಚರಿಕೆ ನೋಡುವವರು ಮಾತ್ರ ಯಾರೂ ಇಲ್ಲ. ಇದನ್ನು ಹೇಳದೆ ಕಳಿಸಬೇಡಿ. ಹೊಸಬರು ಮುಂದುವರಿಸುವುದಾದರೆ ಹಾಗೇ ಇರಲಿ. ಸ್ವಲ್ಪ ದಿನ ಬೇಡ ಎಂದರೆ ಅವರ ಖಾತೆಯಲ್ಲಿ ‘ಅಪ್‌ಡೇಟ್-ಡಿಟೆಕ್ಟರ್’ಗೆ ‘ನೋ-ಎನೇಬಲ್’ ಸೇರಿಸಿ ಕೊಡಿ. ಹಳೆಯ ಫೈಂಡಿಂಗ್ ಉಳಿಯುತ್ತದೆ, ಖರ್ಚು ನಿಲ್ಲುತ್ತದೆ. ‘ಡಿಲೀಟ್-ಡಿಟೆಕ್ಟರ್’ ಕೊಟ್ಟರೆ ಫೈಂಡಿಂಗ್‌ಗಳೂ ಸೆಟ್ಟಿಂಗ್‌ಗಳೂ ಹೋದವು, ಮರಳಿ ಬಾರವು. ಹಾಗಾಗಿ ಅದಕ್ಕೂ ಮೊದಲು ಬಕೆಟ್ಟಿನಲ್ಲಿರುವ ಅವರ ಪಾಲಿನ ಫೈಲುಗಳನ್ನು ಪ್ರತಿ ಮಾಡಿ ಅವರ ಖಾತೆಗೆ ಹಾಕಿಕೊಡಿ.